ಕಾಣದ ಡಿಸ್ಕನ್ನು ಹುಡುಕುವ ಕ್ರಮ

ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಜಾಲದ ಮೂಲಕ ಒಂದು ಸರ್ವರಿನಲ್ಲಿ ಸ್ಥಾಪಿಸತೊಡಗಿದಾಗ, ಮೊದಲ ಕೆಲಸಗಳೆಲ್ಲ ಸುಗಮವಾಗಿ ನಡೆದು, ಕಡೆಗೆ ಡಿಸ್ಕು ಯಾವುದೂ ಸಿಕ್ಕಲಿಲ್ಲವೆಂಬ ಒಂದೇ ವಾಕ್ಯವನ್ನು ಪರದೆಯ ಮೇಲೆ ಬರೆದು ಯಂತ್ರವು ನಿಂತುಬಿಡುವುದುಂಟು. ಡಿಸ್ಕು ಯಂತ್ರದೊಳಗೇ ಇರುವುದು. ಕೈಯಿಂದ ಮುಟ್ಟಿಯೂ ನೋಡಬಹುದು. ಆದರೂ ಸ್ಥಾಪಿಸುವ ಕಾರ್ಯಕ್ರಮಕ್ಕೆ ಅದು ಕಾಣದು. ಇಂಥ ಸಮಯದಲ್ಲಿ ಅನುಭವವಿಲ್ಲದವರು ಎರಡು ವಿಧವಾಗಿ ಕೆಡುವರು. ಕೆಲವರು ಡಿಸ್ಕು ಕೆಟ್ಟುಹೋಯಿತೆಂದು ಆ ಕ್ಷಣದಲ್ಲಿಯೇ ತೀರ್ಮಾನಿಸಿ ಹೊಸದಕ್ಕೆ ಹಣ ತೆರುವರು. ಮತ್ತೆ ಕೆಲವರು ಎದುರಿಗೆ ಬಂದ ಪ್ರಶ್ನೆಗಳಿಗೆಲ್ಲ ಓದದೆಯೇ ಒಪ್ಪಿಗೆ ಕೊಡುತ್ತ ಹೋಗಿ, ಡಿಸ್ಕಿನಲ್ಲಿದ್ದ ಹಳೆಯ ದಾಖಲೆಗಳನ್ನು ತಮ್ಮ ಕೈಯಿಂದಲೇ ಅಳಿಸಿಬಿಡುವರು. ಮೊದಲನೆಯದು ಹಣದ ನಷ್ಟ. ಎರಡನೆಯದು ಹಣದಿಂದ ತುಂಬಲಾಗದ ನಷ್ಟ. ಶಾಲೆಯ ಸರ್ವರಿನಲ್ಲಿ ಹಾಜರಿ, ಅಂಕಪಟ್ಟಿ, ವರ್ಗಾವಣೆ ಪತ್ರ ಮೊದಲಾದುವುಗಳ ಲೆಕ್ಕವಿರುವುದು. ಹತ್ತು ವರ್ಷಗಳ ಹಿಂದೆ ಓದಿ ಹೋದ ಹುಡುಗಿಯೊಬ್ಬಳು ತನ್ನ ಜನ್ಮದಿನಾಂಕದ ಸಾಕ್ಷ್ಯಕ್ಕಾಗಿ ಕಚೇರಿಯ ಬಾಗಿಲಿಗೆ ಬಂದು ನಿಂತರೆ, ಅದು ಅಳಿಸಿಹೋಯಿತೆಂದು ಹೇಳುವುದಕ್ಕೆ ಯಾರಿಗೆ ತಾನೆ ಬಾಯಿ ಬಂದೀತು?

ಆದುದರಿಂದ ಈ ಪಾಠದ ಸಾರವನ್ನು ಮೊದಲೇ ಹೇಳಿಬಿಡುವೆನು: ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಡಿಸ್ಕಿಗೂ ಅದನ್ನು ನೋಡುವ ಕಾರ್ಯಕ್ರಮಕ್ಕೂ ನಡುವೆ ಎಲ್ಲಿ ಸಂಬಂಧ ಕಡಿದಿದೆಯೆಂಬುದನ್ನು ಕಂಡುಕೊಳ್ಳುವ ತನಕ, ಹಿಂದಿರುಗಿಸಲಾಗದ ಯಾವ ಕೆಲಸವನ್ನೂ ಮಾಡತಕ್ಕದ್ದಲ್ಲ. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ, ಹತ್ತು ಬೆಳ್ಳಿಯ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸಿನ ಸಾಮ್ಯವನ್ನು ನೀವೆಲ್ಲರೂ ಓದಿದ್ದೀರಿ. ಆಕೆಯು ನಾಣ್ಯ ಹೋಯಿತೆಂದು ಅಳುತ್ತ ಕುಳಿತುಕೊಳ್ಳಲಿಲ್ಲ. ಮೊದಲು ದೀಪ ಹಚ್ಚಿದಳು, ಬಳಿಕ ಮನೆ ಗುಡಿಸಿದಳು, ಸಿಕ್ಕುವ ತನಕ ಜಾಗ್ರತೆಯಿಂದ ಹುಡುಕಿದಳು. ನಾಣ್ಯವು ಮನೆಯೊಳಗೇ ಇದ್ದಿತು. ನಾವು ಕಲಿಯಬೇಕಾದುದು ಆ ಕ್ರಮವನ್ನೇ.

ಲಿನಕ್ಸ್ ನಮಗೇಕೆ?

1991ನೆಯ ಇಸವಿಯಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬವರು ತಾವು ಬರೆದ ಕರ್ನೆಲನ್ನು, ಎಂದರೆ ಕಾರ್ಯವ್ಯವಸ್ಥೆಯ ತಿರುಳನ್ನು, ಲೋಕದ ಮುಂದಿಟ್ಟರು. ಅದೇ ಲಿನಕ್ಸ್. ಅದನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಡೆಬಿಯನ್, ಉಬುಂಟು, ರೆಡ್ ಹ್ಯಾಟ್ ಮೊದಲಾದುವು ಈ ತಿರುಳಿನ ಸುತ್ತ ಕಟ್ಟಿದ ಬೇರೆ ಬೇರೆ ವಿತರಣೆಗಳು. ಕೇರಳ ಸರಕಾರವು 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆಯನ್ನು ಆರಂಭಿಸಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಆ ರಾಜ್ಯದ ಶಾಲೆಗಳ ಗಣಕ ಪಾಠವು ಲಿನಕ್ಸಿನ ಮೇಲೆಯೇ ನಡೆಯುವುದರಿಂದ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಪರವಾನಗಿಗೆ ಹಣ ತೆರುವ ಶಕ್ತಿಯಿಲ್ಲದ ಹಳ್ಳಿಯ ಶಾಲೆಗೆ ಇದರಿಂದಾಗುವ ಉಪಕಾರವು ದೊಡ್ಡದು. ಆದರೆ ದುಡ್ಡಿಲ್ಲದೆ ದೊರೆತ ವಸ್ತುವನ್ನು ನೋಡಿಕೊಳ್ಳುವ ವಿದ್ಯೆಯನ್ನು ನಾವೇ ಸಂಪಾದಿಸಿಕೊಳ್ಳಬೇಕು.

ಜಾಲದ ಮೂಲಕ ಸ್ಥಾಪನೆ ಎಂದರೇನು?

ಇಪ್ಪತ್ತು ಯಂತ್ರಗಳಿರುವ ಕೊಠಡಿಯಲ್ಲಿ ಪ್ರತಿಯೊಂದರ ಬಳಿಗೂ ಪೆನ್‌ಡ್ರೈವ್ ಹಿಡಿದುಕೊಂಡು ಹೋಗುವುದು ಪ್ರಯಾಸದ ಕೆಲಸ. ಅದಕ್ಕೆ ಬದಲಾಗಿ, ಬೇಕಾದ ಕಡತಗಳನ್ನು ಒಂದೇ ಯಂತ್ರದಲ್ಲಿ ಇಟ್ಟು, ಉಳಿದವೆಲ್ಲ ಜಾಲದ ತಂತಿಯ ಮೂಲಕ ಅಲ್ಲಿಂದಲೇ ಅವುಗಳನ್ನು ತರಿಸಿಕೊಳ್ಳುವಂತೆ ಮಾಡಬಹುದು. ಇದಕ್ಕೆ ಪಿಎಕ್ಸ್‌ಇ ಎಂದು ಹೆಸರು. ಇಂಟೆಲ್ ಕಂಪನಿಯು ಇದರ 2.1ನೆಯ ನಿಯಮಾವಳಿಯನ್ನು 1999ರಲ್ಲಿ ಪ್ರಕಟಿಸಿತು.

ಇದು ನಡೆಯುವ ರೀತಿ ಹೇಗೆಂದರೆ: ಯಂತ್ರಕ್ಕೆ ವಿದ್ಯುತ್ತು ಬಂದೊಡನೆ ಅದರ ಜಾಲದ ಕಾರ್ಡು ತನಗೊಂದು ವಿಳಾಸವನ್ನು ಬೇಡುವುದು. ಡಿಎಚ್‌ಸಿಪಿ ಎಂಬ ಸೇವೆಯು ವಿಳಾಸವನ್ನೂ, ಮುಂದೆ ಯಾವ ಕಡತವನ್ನು ಎಲ್ಲಿಂದ ತರಬೇಕೆಂಬುದನ್ನೂ ತಿಳಿಸುವುದು. ಟಿಎಫ್‌ಟಿಪಿ ಎಂಬ ಸೇವೆಯು ಆ ಕಡತವನ್ನು ಕೊಡುವುದು. ಹೀಗೆ ಕಡೆಗೆ ಎರಡು ಮುಖ್ಯ ಕಡತಗಳು ಬಂದು ಸೇರುವುವು. ಒಂದು ಕರ್ನೆಲ್, ಮತ್ತೊಂದು ಇನಿಟ್‌ಆರ್‌ಡಿ, ಎಂದರೆ ಪ್ರಯಾಣಕ್ಕೆ ಹೊರಟವರು ಕಟ್ಟಿಕೊಳ್ಳುವ ಬುತ್ತಿಯಂತೆ, ಆರಂಭಕ್ಕೆ ಬೇಕಾದ ಉಪಕರಣಗಳ ಗಂಟು. ಇವೆರಡೂ ಯಂತ್ರದ ತಾತ್ಕಾಲಿಕ ಸ್ಮೃತಿಯಲ್ಲಿ, ಎಂದರೆ ರ‍್ಯಾಮಿನಲ್ಲಿ, ಕುಳಿತು ಕೆಲಸ ನಡೆಸುವುವು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಇಷ್ಟರ ತನಕ ಡಿಸ್ಕಿನ ಅಗತ್ಯವೇ ಬೀಳಲಿಲ್ಲ. ಎಲ್ಲವೂ ಜಾಲದಿಂದ ಬಂದು ರ‍್ಯಾಮಿನಲ್ಲಿ ನಡೆಯಿತು. ಆದುದರಿಂದ "ಇಷ್ಟು ಹೊತ್ತು ಸರಿಯಾಗಿದ್ದ ಯಂತ್ರ ಈಗೇಕೆ ಕೆಟ್ಟಿತು?" ಎಂಬ ಪ್ರಶ್ನೆಯೇ ತಪ್ಪು. ಡಿಸ್ಕನ್ನು ಕೇಳಿದ್ದು ಇದೇ ಮೊದಲ ಸಾರಿ.

ಕಾಣುವಿಕೆಯ ಸರಪಣಿ

ನಮ್ಮ ಕಡಬದ ಕೆರೆಯು ಶಿಂಷಾ ನದಿಗೆ ಏರಿ ಹಾಕಿ ಮಾಡಿದ ದೊಡ್ಡ ಕೆರೆ. ಅದರ ಕೆಳಗಿನ ಒಂದು ಗದ್ದೆಗೆ ನೀರು ಬಾರದಿದ್ದರೆ ಅನುಭವಸ್ಥನಾದ ನೀರುಗಂಟಿಯು ಕೆರೆ ಬತ್ತಿತೆಂದು ಕೂಡಲೇ ಹೇಳುವುದಿಲ್ಲ. ಏರಿಯ ಮೇಲೆ ನಿಂತು ನೀರಿದೆಯೇ ಎಂದು ನೋಡುವನು. ತೂಬು ತೆರೆದಿದೆಯೇ, ಕಾಲುವೆಯಲ್ಲಿ ಹೂಳು ತುಂಬಿದೆಯೇ, ಗದ್ದೆಯ ಬದುವಿನಲ್ಲಿ ನೀರಿನ ದಾರಿ ಮುಚ್ಚಿದೆಯೇ ಎಂದು ಒಂದೊಂದನ್ನೇ ವಿಚಾರಿಸುವನು. ಡಿಸ್ಕಿನ ವಿಷಯದಲ್ಲಿಯೂ ಇಂಥ ಆರು ಕೊಂಡಿಗಳುಂಟು: ಡಿಸ್ಕು, ಅದನ್ನು ಜೋಡಿಸುವ ಕೇಬಲ್ಲು ಅಥವಾ ಹಿಂಬದಿಯ ಹಲಗೆ, ಡಿಸ್ಕುಗಳನ್ನು ಆಳುವ ಕಂಟ್ರೋಲರ್ ಕಾರ್ಡು, ಯಂತ್ರದ ಸ್ವಂತ ವ್ಯವಸ್ಥೆಯಾದ ಬಯಾಸ್ ಅಥವಾ ಯುಇಎಫ್‌ಐ, ಕರ್ನೆಲಿನ ಡ್ರೈವರು, ಕೊನೆಯದಾಗಿ ಸ್ಥಾಪಿಸುವ ಕಾರ್ಯಕ್ರಮ. ಇವುಗಳಲ್ಲಿ ಯಾವುದೊಂದು ಕಳಚಿದರೂ ಪರದೆಯ ಮೇಲೆ ಕಾಣುವ ವಾಕ್ಯ ಒಂದೇ. ವಾಕ್ಯವನ್ನು ನಂಬಿ ಡಿಸ್ಕನ್ನು ದೂರುವುದು ನ್ಯಾಯವಲ್ಲ.

ಮೊದಲನೆಯ ಪರೀಕ್ಷೆ: ಯಂತ್ರವು ತಾನೇ ಕಾಣುತ್ತಿದೆಯೇ?

ಯಂತ್ರವನ್ನು ಮತ್ತೆ ಆರಂಭಿಸಿ, ಲಿನಕ್ಸ್ ಬರುವುದಕ್ಕೆ ಮೊದಲೇ ಬಯಾಸಿನ ಪರದೆಯನ್ನು ತೆರೆಯಿರಿ. ಅಲ್ಲಿಯ ಪಟ್ಟಿಯಲ್ಲಿ ಡಿಸ್ಕಿನ ಹೆಸರೂ ಗಾತ್ರವೂ ಕಂಡರೆ ಡಿಸ್ಕಿಗೆ ಜೀವವಿದೆಯೆಂದೂ ಕೇಬಲ್ಲು ಸರಿಯಿದೆಯೆಂದೂ ಬಹುಮಟ್ಟಿಗೆ ನಂಬಬಹುದು. ಕಾಣದಿದ್ದರೆ, ವಿದ್ಯುತ್ತನ್ನು ಪೂರ್ತಿ ತೆಗೆದು, ಕೇಬಲ್ಲನ್ನೂ ಡಿಸ್ಕನ್ನೂ ಬಿಚ್ಚಿ ಮತ್ತೆ ಬಿಗಿಯಾಗಿ ಕೂಡಿಸಿ ನೋಡಬೇಕು. ಬಳಿಕ ಒಳ್ಳೆಯದೆಂದು ಗೊತ್ತಿರುವ ಬೇರೆ ಕೇಬಲ್ಲನ್ನು ಹಾಕಿ ನೋಡಬೇಕು. ಡಿಸ್ಕನ್ನು ದೂರುವುದು ಇವೆಲ್ಲ ಆದ ಮೇಲೆ.

ಸರ್ವರುಗಳಲ್ಲಿ ಸಾಮಾನ್ಯವಾಗಿ ರೈಡ್ ಎಂಬ ಕಾರ್ಡು ಇರುವುದು. ಅದು ಹಲವು ಡಿಸ್ಕುಗಳನ್ನು ಸೇರಿಸಿ ಒಂದೇ ಡಿಸ್ಕಿನಂತೆ ಕಾರ್ಯವ್ಯವಸ್ಥೆಗೆ ಒಪ್ಪಿಸುವುದು. ಹೊಸಬರು ಎಡವುವುದು ಇಲ್ಲಿಯೇ. ನಾಲ್ಕು ಡಿಸ್ಕುಗಳನ್ನು ಯಂತ್ರಕ್ಕೆ ತೂರಿಸಿದ ಮಾತ್ರಕ್ಕೆ ಇಂಥ ಕಾರ್ಡು ಅವುಗಳನ್ನು ಹೊರಗೆ ತೋರಿಸುವುದಿಲ್ಲ. ಕಾರ್ಡಿನ ಮೆನುವಿನಲ್ಲಿ ಅವುಗಳಿಂದ ಒಂದು ವರ್ಚುಯಲ್ ಡಿಸ್ಕನ್ನು ರಚಿಸಬೇಕು. ಅದನ್ನು ರಚಿಸದಿದ್ದರೆ ಕಾರ್ಡಿಗೆ ನಾಲ್ಕೂ ಕಾಣುವುವು, ಲಿನಕ್ಸಿಗೆ ಒಂದೂ ಕಾಣದು. ಕೆಲವು ಕಾರ್ಡುಗಳಲ್ಲಿ ಡಿಸ್ಕುಗಳನ್ನು ಇದ್ದಂತೆಯೇ ಬಿಟ್ಟುಕೊಡುವ ವಿಧಾನವೂ ಉಂಟು.

ಇನ್ನೊಂದು ಯಂತ್ರದಿಂದ ತಂದ ಡಿಸ್ಕುಗಳಾದರೆ ಕಾರ್ಡು ಅವುಗಳನ್ನು ಪರಕೀಯವೆಂದು ಗುರುತಿಸಿ, ಆಮದು ಮಾಡಿಕೊಳ್ಳಲೋ, ತೆಗೆದುಹಾಕಲೋ ಎಂದು ಕೇಳುವುದು. ಇಲ್ಲಿ ಕೈ ತಡೆಯಿರಿ. ಆಮದು ಮಾಡಿಕೊಂಡರೆ ಹಳೆಯ ಜೋಡಣೆಯೂ ಒಳಗಿನ ದಾಖಲೆಗಳೂ ಉಳಿಯುವುವು. ತೆಗೆದುಹಾಕೆಂದರೆ ಜೋಡಣೆಯ ಲೆಕ್ಕವು ಅಳಿದು, ದಾಖಲೆಗಳನ್ನು ಮತ್ತೆ ಓದುವುದು ಬಹು ಕಷ್ಟವಾಗುವುದು. ಎರಡೂ ಒಂದೇ ಗುಂಡಿಯ ಅಂತರದಲ್ಲಿವೆ.

ಇದಲ್ಲದೆ ಬಯಾಸಿನಲ್ಲಿ ಸಾಟಾ ವಿಧಾನ ಎಂಬ ಒಂದು ಏರ್ಪಾಡುಂಟು. ಅದು ರೈಡ್ ಎಂದಿದ್ದರೆ, ಇಂಟೆಲ್ ಕಂಪನಿಯ ಕೆಲವು ಯಂತ್ರಗಳಲ್ಲಿ ಎನ್‌ವಿಎಂಇ ಜಾತಿಯ ಡಿಸ್ಕುಗಳು ಲಿನಕ್ಸಿನ ಕಣ್ಣಿಗೆ ಮರೆಯಾಗುವುವು. ಕರ್ನೆಲ್ ತಾನೇ ತನ್ನ ದಿನಚರಿಯಲ್ಲಿ ಇದನ್ನು ಬರೆದು, ಎಎಚ್‌ಸಿಐ ಎಂಬ ವಿಧಾನಕ್ಕೆ ಬದಲಿಸಬೇಕೆಂದು ಸೂಚಿಸುವುದೂ ಉಂಟು. ಆದರೆ ಆ ಯಂತ್ರದಲ್ಲಿ ಮೊದಲೇ ವಿಂಡೋಸ್ ಇದ್ದು, ಅದನ್ನು ಉಳಿಸಿಕೊಳ್ಳಬೇಕಾಗಿದ್ದರೆ, ಈ ಬದಲಾವಣೆಯಿಂದ ವಿಂಡೋಸ್ ಆರಂಭವಾಗದೆ ಹೋಗಬಹುದೆಂಬುದನ್ನು ಮೊದಲೇ ತಿಳಿದಿರಬೇಕು.

ಎರಡನೆಯ ಪರೀಕ್ಷೆ: ಕರ್ನೆಲಿಗೆ ಕಾಣುತ್ತಿದೆಯೇ?

ಬಯಾಸಿಗೆ ಕಂಡ ಡಿಸ್ಕು ಸ್ಥಾಪನೆಯ ಪರದೆಯಲ್ಲಿ ಕಾಣದಿದ್ದರೆ, ಕಂಟ್ರೋಲ್, ಆಲ್ಟ್, ಎಫ್2 ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ಡೆಬಿಯನ್, ರೆಡ್ ಹ್ಯಾಟ್ ಮೊದಲಾದ ವಿತರಣೆಗಳಲ್ಲಿ ಆಜ್ಞೆಗಳನ್ನು ಬರೆಯುವ ಕಪ್ಪು ಪರದೆಯು ತೆರೆಯುವುದು. ಇದೇ ನಮ್ಮ ದೀಪ. ಇಲ್ಲಿ ಕೇಳತಕ್ಕ ಪ್ರಶ್ನೆಗಳು ಮೂರು. ಮೂರೂ ಬರಿಯ ಓದುವ ಆಜ್ಞೆಗಳಾದುದರಿಂದ ಯಾವ ಹಾನಿಯೂ ಇಲ್ಲ.

ಎಲ್‌ಎಸ್‌ಬಿಎಲ್‌ಕೆ ಎಂಬ ಆಜ್ಞೆಯು ಕರ್ನೆಲಿಗೆ ಕಂಡ ಡಿಸ್ಕುಗಳ ಪಟ್ಟಿಯನ್ನು ಕೊಡುವುದು. ಅದು ಇಲ್ಲದ ಸ್ಥಾಪಕಗಳಲ್ಲಿ ಪ್ರೋಕ್ ಕೋಶದೊಳಗಿನ ಪಾರ್ಟಿಷನ್ಸ್ ಎಂಬ ಕಡತವನ್ನು ಓದಬಹುದು. ಎಲ್‌ಎಸ್‌ಪಿಸಿಐ ಎಂಬ ಆಜ್ಞೆಯು ಯಂತ್ರದಲ್ಲಿ ಕೂತಿರುವ ಕಾರ್ಡುಗಳ ಪಟ್ಟಿಯನ್ನು ಕೊಡುವುದು. ಅದರ ಮುಂದೆ ಒಂದು ಅಡ್ಡಗೆರೆ ಹಾಕಿ ಎನ್, ಎನ್, ಕೆ ಎಂಬ ಅಕ್ಷರಗಳನ್ನು ಬರೆದರೆ ಪ್ರತಿಯೊಂದು ಕಾರ್ಡಿನ ಗುರುತಿನ ಸಂಖ್ಯೆಯನ್ನೂ, ಅದನ್ನು ನಡೆಸುತ್ತಿರುವ ಡ್ರೈವರಿನ ಹೆಸರನ್ನೂ ತೋರಿಸುವುದು. ಸಂಖ್ಯೆಯ ಮೊದಲ ಭಾಗವು ತಯಾರಕರದು, ಎರಡನೆಯದು ಕಾರ್ಡಿನದು. ಇಂಟೆಲ್ ಕಂಪನಿಯ ಸಂಖ್ಯೆ 8086. ಡಿಎಂಇಎಸ್‌ಜಿ ಎಂಬ ಆಜ್ಞೆಯು ಕರ್ನೆಲ್ ಎದ್ದ ಕ್ಷಣದಿಂದ ಬರೆದುಕೊಂಡ ದಿನಚರಿಯನ್ನು ತೋರಿಸುವುದು.

ಇವುಗಳಿಂದ ಮೂರರಲ್ಲಿ ಒಂದು ಉತ್ತರ ದೊರೆಯುವುದು.

ಮೊದಲನೆಯದು, ಕಾರ್ಡೇ ಪಟ್ಟಿಯಲ್ಲಿ ಇಲ್ಲದಿರುವುದು. ಹಾಗಿದ್ದರೆ ದೋಷವು ಕಾರ್ಡಿನ ಜೋಡಣೆಯಲ್ಲೋ ಬಯಾಸಿನಲ್ಲೋ ಇದೆ. ಲಿನಕ್ಸಿನಲ್ಲಿ ಹುಡುಕಿ ಫಲವಿಲ್ಲ.

ಎರಡನೆಯದು, ಕಾರ್ಡು ಇದ್ದು ಡ್ರೈವರಿನ ಹೆಸರು ಇಲ್ಲದಿರುವುದು. ಕಾರ್ಡಿನ ಭಾಷೆ ಬಲ್ಲ ದುಭಾಷಿ ಬಂದಿಲ್ಲವೆಂದು ಇದರ ಅರ್ಥ. ಡಿಸ್ಕು ಆರೋಗ್ಯವಾಗಿದೆ; ಡ್ರೈವರನ್ನು ತರಿಸಬೇಕು.

ಮೂರನೆಯದು, ಕಾರ್ಡೂ ಡ್ರೈವರೂ ಇದ್ದು ಡಿಸ್ಕು ಇಲ್ಲದಿರುವುದು. ಹಾಗಿದ್ದರೆ ವರ್ಚುಯಲ್ ಡಿಸ್ಕನ್ನು ರಚಿಸದೆ ಇರಬಹುದು, ಕೇಬಲ್ಲು ಸಡಿಲವಾಗಿರಬಹುದು, ಅಥವಾ ಡಿಸ್ಕು ನಿಜವಾಗಿಯೂ ಕೆಟ್ಟಿರಬಹುದು. ದಿನಚರಿಯಲ್ಲಿ ಸಂಪರ್ಕವು ಕಡಿದು ಕಡಿದು ಕೂಡಿದ ಸಾಲುಗಳಿದ್ದರೆ ಮೊದಲು ಕೇಬಲ್ಲನ್ನು ಬದಲಿಸಿ ನೋಡಿರಿ.

ಮೂರನೆಯ ಪರೀಕ್ಷೆ: ಜಾಲದಿಂದ ಬಂದ ಗಂಟು ಸರಿಯಾದುದೇ?

ಎರಡನೆಯ ಉತ್ತರ ಬಂದವರು ಈ ಭಾಗವನ್ನು ವಿಶೇಷವಾಗಿ ಓದಬೇಕು. ಏಕೆಂದರೆ ಈ ದೋಷವು ಜಾಲದ ಮೂಲಕ ಸ್ಥಾಪಿಸುವವರಿಗೇ ಹೆಚ್ಚಾಗಿ ಬರುವುದು. ಡೆಬಿಯನ್ನಿನ ಜಾಲದ ಗಂಟು ಚಿಕ್ಕದಾಗಿರಬೇಕೆಂದು ಅದರಲ್ಲಿ ಮುಖ್ಯವಾಗಿ ಜಾಲದ ಕಾರ್ಡುಗಳ ಡ್ರೈವರುಗಳನ್ನೇ ಇಟ್ಟಿರುವರು. ಡಿಸ್ಕಿನ ಡ್ರೈವರುಗಳು ಆಮೇಲೆ ಜಾಲದ ಭಂಡಾರದಿಂದ ಬರತಕ್ಕವು. ಭಂಡಾರದಲ್ಲಿ ಕರ್ನೆಲ್ ಹೊಸದಾಗಿ, ನಮ್ಮ ಟಿಎಫ್‌ಟಿಪಿ ಯಂತ್ರದಲ್ಲಿ ಕಳೆದ ವರ್ಷ ಇಳಿಸಿಟ್ಟ ಹಳೆಯ ಕರ್ನೆಲೇ ಉಳಿದಿದ್ದರೆ, ಹಳೆಯದಕ್ಕೆ ಹೊಂದುವ ಡ್ರೈವರುಗಳು ಅಲ್ಲಿ ದೊರೆಯವು. ಆಗ ಸ್ಥಾಪಕವು ಕರ್ನೆಲಿನ ಮಾಡ್ಯೂಲುಗಳು ಸಿಕ್ಕಲಿಲ್ಲವೆಂದು ಎಚ್ಚರಿಸಿ, ಅವಿಲ್ಲದೆಯೇ ಮುಂದುವರಿಯಲೇ ಎಂದು ಕೇಳುವುದು. ಅವಸರದಿಂದ ಹೌದೆಂದವರಿಗೆ ಹತ್ತು ನಿಮಿಷದ ಮೇಲೆ ಡಿಸ್ಕು ಕಾಣದು. ರೋಗವು ಹಿಂದಿನ ಪುಟದಲ್ಲಿದ್ದು, ನೋವು ಮುಂದಿನ ಪುಟದಲ್ಲಿ ಕಾಣಿಸಿಕೊಂಡಂತಾಯಿತು.

ಪರೀಕ್ಷಿಸುವ ರೀತಿ ಸುಲಭ. ಯುನೇಮ್ ಎಂಬ ಆಜ್ಞೆಯ ಮುಂದೆ ಅಡ್ಡಗೆರೆ ಹಾಕಿ ಆರ್ ಎಂದು ಬರೆದರೆ ಈಗ ನಡೆಯುತ್ತಿರುವ ಕರ್ನೆಲಿನ ಸಂಖ್ಯೆ ಬರುವುದು. ಲಿಬ್ ಕೋಶದೊಳಗಿನ ಮಾಡ್ಯೂಲ್ಸ್ ಎಂಬ ಕೋಶದಲ್ಲಿ ಅದೇ ಸಂಖ್ಯೆಯ ಹೆಸರಿನ ಕೋಶವಿದೆಯೇ, ಅದರೊಳಗೆ ಡಿಸ್ಕಿನ ಡ್ರೈವರುಗಳು ಇವೆಯೇ ಎಂದು ನೋಡಿರಿ. ಸಂಖ್ಯೆಗಳು ಬೇರೆಯಾಗಿದ್ದರೆ ಕಾರಣವು ಸಿಕ್ಕಿತು. ಒಂದೇ ಬಿಡುಗಡೆಗೆ ಸೇರಿದ ಕರ್ನೆಲನ್ನೂ ಇನಿಟ್‌ಆರ್‌ಡಿಯನ್ನೂ ಹೊಸದಾಗಿ ಇಳಿಸಿ, ಎರಡನ್ನೂ ಒಟ್ಟಿಗೆ ಬದಲಿಸಬೇಕು. ಒಂದನ್ನು ಬದಲಿಸಿ ಇನ್ನೊಂದನ್ನು ಬಿಡುವುದು, ಬೀಗ ಬದಲಿಸಿ ಹಳೆಯ ಕೀಲಿಕೈಯನ್ನೇ ಇಟ್ಟುಕೊಂಡಂತೆ.

ಹಳೆಯ ಯಂತ್ರ, ಹೊಸ ವಿತರಣೆ

ದಾನವಾಗಿ ಬಂದ ಹಳೆಯ ಸರ್ವರುಗಳನ್ನು ಬಳಸುವ ಶಾಲೆಗಳಿಗೆ ಮತ್ತೊಂದು ತೊಡಕು ಬರುವುದು. 2019ರಲ್ಲಿ ಹೊರಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ನೆಯ ಆವೃತ್ತಿಯಲ್ಲಿ ಅನೇಕ ಹಳೆಯ ಕಂಟ್ರೋಲರ್ ಕಾರ್ಡುಗಳಿಗೆ ಇದ್ದ ಬೆಂಬಲವನ್ನು ತೆಗೆದುಹಾಕಲಾಯಿತು. ಕೆಲವೆಡೆ ಡ್ರೈವರನ್ನೇ ಬಿಟ್ಟರು. ಕೆಲವೆಡೆ ಡ್ರೈವರನ್ನು ಉಳಿಸಿ, ಹಳೆಯ ಕಾರ್ಡಿನ ಗುರುತಿನ ಸಂಖ್ಯೆಯನ್ನು ಮಾತ್ರ ಅದರ ಪಟ್ಟಿಯಿಂದ ಅಳಿಸಿದರು. ಹೀಗಾಗಿ 7ನೆಯ ಆವೃತ್ತಿಯಲ್ಲಿ ಕಾಣುತ್ತಿದ್ದ ಡಿಸ್ಕು 8ನೆಯದರಲ್ಲಿ ಕಾಣದೆ ಹೋಗುವುದು. ಯಂತ್ರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗಿಲ್ಲ. ವ್ಯತ್ಯಾಸವಾದುದು ನೋಡುವವರ ಪಟ್ಟಿಯಲ್ಲಿ.

ಇದಕ್ಕೆ ಪರಿಹಾರಗಳುಂಟು. ಇಎಲ್‌ರೆಪೊ ಎಂಬ ಸ್ವಯಂಸೇವಕರ ಸಮುದಾಯವು ಇಂಥ ಅನೇಕ ಕಾರ್ಡುಗಳಿಗೆ ಡ್ರೈವರುಗಳನ್ನು ಸಿದ್ಧಮಾಡಿ ಕೊಡುವುದು. ಆರಂಭದ ಸಾಲಿನಲ್ಲಿ ಐಎನ್‌ಎಸ್‌ಟಿ, ಚುಕ್ಕೆ, ಡಿಡಿ ಎಂಬ ಸೂಚನೆಯ ಮುಂದೆ ಆ ಕಡತದ ವಿಳಾಸವನ್ನು ಬರೆದರೆ, ಸ್ಥಾಪಕವು ಜಾಲದಿಂದಲೇ ಅದನ್ನು ತರಿಸಿಕೊಳ್ಳುವುದು. ಇಲ್ಲವೆ ಆ ಕಾರ್ಡನ್ನು ಇನ್ನೂ ಗುರುತಿಸುವ ಬೇರೆ ವಿತರಣೆಯನ್ನು ಆರಿಸಿಕೊಳ್ಳಬಹುದು. ಆದರೆ ಬೆಂಬಲ ಮುಗಿದ ಹಳೆಯ ಆವೃತ್ತಿಗೆ ಹಿಂದಿರುಗುವುದು ಯುಕ್ತವಲ್ಲ. ಸೆಂಟ್‌ಒಎಸ್ 7ನೆಯ ಆವೃತ್ತಿಗೆ 2024ರ ಜೂನ್ 30ರಂದು ಬೆಂಬಲವು ಮುಗಿದುಹೋಯಿತು. ಅಂಥದನ್ನು ಮಕ್ಕಳ ದಾಖಲೆಗಳಿರುವ ಸರ್ವರಿಗೆ ಹಾಕುವುದು ಬಾಗಿಲಿಗೆ ಅಗುಳಿಯಿಲ್ಲದ ಮನೆಯಲ್ಲಿ ಒಡವೆ ಇಟ್ಟಂತೆ.

ತಾನಾಗಿ ನಡೆಯುವ ಸ್ಥಾಪನೆಯ ಅಪಾಯ

ಕಡೆಯ ಕೊಂಡಿಯು ಸ್ಥಾಪಿಸುವ ಕಾರ್ಯಕ್ರಮ. ಅನೇಕ ಯಂತ್ರಗಳಿಗೆ ಒಂದೇ ಉತ್ತರ ಕೊಡುವುದಕ್ಕಾಗಿ, ರೆಡ್ ಹ್ಯಾಟ್ ವಿತರಣೆಯಲ್ಲಿ ಕಿಕ್‌ಸ್ಟಾರ್ಟ್ ಎಂಬ ಉತ್ತರಪತ್ರಿಕೆಯನ್ನು ಮೊದಲೇ ಬರೆದಿಡುವ ಪದ್ಧತಿಯುಂಟು. ಅದರಲ್ಲಿ ಡಿಸ್ಕಿನ ಹೆಸರು ಎಸ್‌ಡಿಎ ಎಂದು ಬರೆದಿದ್ದು, ಯಂತ್ರದಲ್ಲಿ ಎನ್‌ವಿಎಂಇ ಡಿಸ್ಕಿದ್ದರೆ, ಅದರ ಹೆಸರೇ ಬೇರೆಯಾದುದರಿಂದ ಸ್ಥಾಪಕವು ಡಿಸ್ಕಿಲ್ಲವೆಂದು ನಿಲ್ಲುವುದು. ಡಿಸ್ಕು ಕಣ್ಣೆದುರಿಗಿದೆ, ಕರೆದ ಹೆಸರು ಮಾತ್ರ ಅದರದಲ್ಲ.

ಇದಕ್ಕಿಂತ ಭಯಂಕರವಾದುದು, ಆ ಹೆಸರು ಬೇರೊಂದು ಡಿಸ್ಕಿಗೆ ಹೊಂದಿಬಿಡುವುದು. ಎಸ್‌ಡಿಎ, ಎಸ್‌ಡಿಬಿ ಎಂಬುವು ಕಂಡ ಸರದಿಯಲ್ಲಿ ಕೊಡುವ ಹೆಸರುಗಳೇ ಹೊರತು ಸ್ಥಿರವಾದವುಗಳಲ್ಲ. ಹೊಸ ಡಿಸ್ಕು ಕಾಣದೆ ಹೋದ ದಿನ, ದಾಖಲೆಗಳಿರುವ ಹಳೆಯ ಡಿಸ್ಕೇ ಎಸ್‌ಡಿಎ ಆಗಬಹುದು. ಉತ್ತರಪತ್ರಿಕೆಯಲ್ಲಿ ಕ್ಲಿಯರ್‌ಪಾರ್ಟ್ ಎಂಬ ಸೂಚನೆಯು ಎಲ್ಲವನ್ನೂ ಅಳಿಸೆಂದು ಹೇಳುತ್ತಿದ್ದರೆ, ಯಂತ್ರವು ಯಾರನ್ನೂ ಕೇಳದೆ ಅದನ್ನು ನೆರವೇರಿಸುವುದು. ಆದುದರಿಂದ ಉಳಿಸಬೇಕಾದ ಡಿಸ್ಕುಗಳ ಕೇಬಲ್ಲನ್ನು ಸ್ಥಾಪನೆಗೆ ಮೊದಲೇ ಬಿಚ್ಚಿಡಿರಿ. ಡಿಸ್ಕನ್ನು ಅದರ ಮೇಲೆ ಅಚ್ಚಾಗಿರುವ ಕ್ರಮಸಂಖ್ಯೆಯಿಂದ ಗುರುತಿಸುವ ಹೆಸರುಗಳು ಡಿಸ್ಕ್ ಕೋಶದ ಬೈ-ಐಡಿ ಎಂಬ ಭಾಗದಲ್ಲಿ ದೊರೆಯುವುವು; ಉತ್ತರಪತ್ರಿಕೆಯಲ್ಲಿ ಅವನ್ನೇ ಬಳಸಿರಿ. ಕಾರಣವನ್ನು ಹುಡುಕುತ್ತಿರುವಾಗ ಅಳಿಸುವ ಸೂಚನೆಯನ್ನು ಉತ್ತರಪತ್ರಿಕೆಯಿಂದ ತೆಗೆದೇ ಇಡಬೇಕು.

ನೆನಪಿನಲ್ಲಿಡತಕ್ಕ ನಿಯಮಗಳು

ಹುಡುಕಲು ಕೂರುವಾಗ ಒಂದು ನೋಟುಪುಸ್ತಕವನ್ನು ಬಳಿಯಲ್ಲಿಟ್ಟುಕೊಳ್ಳಿರಿ. ಮಾಡಿದುದನ್ನೂ ಕಂಡುದನ್ನೂ ಆಗಿಂದಾಗಲೇ ಬರೆಯಿರಿ. ಒಂದು ಸಾರಿಗೆ ಒಂದನ್ನೇ ಬದಲಿಸಿರಿ. ಮೂರನ್ನು ಒಟ್ಟಿಗೆ ಬದಲಿಸಿ ಸರಿಹೋದರೆ, ಯಾವುದರಿಂದ ಸರಿಹೋಯಿತೆಂಬುದು ತಿಳಿಯದೆ, ಮುಂದಿನ ವರ್ಷ ಮತ್ತೆ ಮೊದಲಿಂದ ಹುಡುಕಬೇಕಾಗುವುದು. ಓದುವ ಆಜ್ಞೆಗಳು ಮೊದಲು, ಬದಲಿಸುವುವು ಆಮೇಲೆ, ಅಳಿಸುವುವು ಕಟ್ಟಕಡೆಗೆ. ಪರದೆಯ ಮೇಲಿನ ಎಚ್ಚರಿಕೆಯನ್ನು ಪೂರ್ತಿ ಓದುವ ತನಕ ಕೀಲಿಯ ಮೇಲೆ ಬೆರಳಿಡಬೇಡಿರಿ.

ಯಂತ್ರದ ಕೆಲಸವು ಹೆಣ್ಣುಮಕ್ಕಳಿಗೆ ಸಲ್ಲದೆಂದು ಹೇಳುವವರು ಇಂದಿಗೂ ಇದ್ದಾರೆ. ಈ ಕೆಲಸಕ್ಕೆ ಬೇಕಾದುದು ತೋಳಿನ ಬಲವಲ್ಲ. ಅವಸರಪಡದ ಮನಸ್ಸು, ಸಾಲು ಬಿಡದೆ ಓದುವ ಕಣ್ಣು, ತನ್ನದಲ್ಲದ ವಸ್ತುವನ್ನು ಕಾಪಾಡಬೇಕೆಂಬ ಕರ್ತವ್ಯಬುದ್ಧಿ. ಇವುಗಳನ್ನು ನಮ್ಮ ತರಗತಿಗಳಲ್ಲಿಯೇ ಕಲಿಯಬಹುದು. ಪಟ್ಟಣದಿಂದ ಯಾರೋ ಬರುವರೆಂದು ಶಾಲೆಯ ದಾಖಲೆಗಳು ವಾರಗಟ್ಟಲೆ ಕಾದಿರುವುದಕ್ಕಿಂತ, ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಉಪಾಧ್ಯಾಯಿನಿಯ ಎದುರಿನಲ್ಲಿ ಮೂರು ಆಜ್ಞೆಗಳನ್ನು ಬರೆದು ಕೊಂಡಿ ಎಲ್ಲಿ ಕಳಚಿದೆಯೆಂದು ತೋರಿಸುವುದು ಮೇಲು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಜಾಲದ ಮೂಲಕ ಆರಂಭವಾದ ಸ್ಥಾಪನೆಯು ಡಿಸ್ಕಿನ ಪುಟದ ತನಕ ಯಾವ ತೊಡಕೂ ಇಲ್ಲದೆ ನಡೆಯಲು ಕಾರಣವೇನು?

2. ಕಂಟ್ರೋಲರ್ ಕಾರ್ಡು ಪಟ್ಟಿಯಲ್ಲಿದ್ದು, ಡ್ರೈವರಿನ ಹೆಸರು ಇಲ್ಲದಿದ್ದರೆ, ಹೊಸ ಡಿಸ್ಕನ್ನು ಕೊಳ್ಳುವುದು ಏಕೆ ವ್ಯರ್ಥ?

3. ಕರ್ನೆಲನ್ನೂ ಇನಿಟ್‌ಆರ್‌ಡಿಯನ್ನೂ ಒಟ್ಟಿಗೇ ಬದಲಿಸಬೇಕೆಂಬುದಕ್ಕೆ ಕಾರಣ ಕೊಡಿರಿ.

4. ಪರಕೀಯ ಜೋಡಣೆಯನ್ನು ತೆಗೆದುಹಾಕಲೇ ಎಂದು ಕಾರ್ಡು ಕೇಳಿದಾಗ, ಉತ್ತರ ಕೊಡುವುದಕ್ಕೆ ಮೊದಲು ನೀವು ಯಾರನ್ನು ಏನು ವಿಚಾರಿಸುವಿರಿ? ಆ ಡಿಸ್ಕಿನಲ್ಲಿ ಯಾರ ಯಾರ ಹೆಸರುಗಳು ಇರಬಹುದೆಂದು ಯೋಚಿಸಿ ಬರೆಯಿರಿ.